ಕುರುಗೋಡಿನ ಬಿಸಿಲೂ ಗಣಕಯಂತ್ರದ ವೇಗವೂ

ಕುರುಗೋಡಿನ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮನ್ನು ಕೇಳಿದನು: “ಸರ್, ಸರ್ವರಿನಿಂದ ತೆಗೆದ ಹಳೆಯ ಜಿಯಾನ್ ಪ್ರೊಸೆಸರು ಅಗ್ಗವಾಗಿ ದೊರೆಯುತ್ತದೆ. ಅದನ್ನು ಓವರ್‌ಕ್ಲಾಕ್ ಮಾಡಿ ದೊಡ್ಡ ಲೆಕ್ಕಗಳಿಗೆ ಬಳಸಬಹುದೆ?” ಬೇಡವೆಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳಬೇಕಾದುದು ನಮ್ಮ ಕರ್ತವ್ಯ.

ಪ್ರೊಸೆಸರಿನ ಕೆಲಸವೆಲ್ಲವೂ ಒಂದು ಗಡಿಯಾರದ ಮಿಡಿತಕ್ಕೆ ಅನುಸಾರವಾಗಿ ನಡೆಯುತ್ತದೆ. ತಯಾರಕರು ಗೊತ್ತುಪಡಿಸಿದುದಕ್ಕಿಂತ ಆ ಮಿಡಿತವನ್ನು ಹೆಚ್ಚಿಸುವುದೇ ಓವರ್‌ಕ್ಲಾಕಿಂಗ್. ಮಂಡಲಗಳ ಸ್ವಿಚಿಂಗಿನಲ್ಲಿ ವ್ಯಯವಾಗುವ ವಿದ್ಯುಚ್ಛಕ್ತಿಯು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಶೇಕಡಾ 20ರಷ್ಟೂ ಅದಕ್ಕಾಗಿ ವೋಲ್ಟೇಜನ್ನು ಶೇಕಡಾ 10ರಷ್ಟೂ ಏರಿಸಿದೆವೆನ್ನೋಣ. ಆಗ ಶಾಖವು 1.2 × 1.1 × 1.1, ಅಂದರೆ ಸುಮಾರು 1.45 ಪಟ್ಟಾಗುತ್ತದೆ. ವೇಗದ ಲಾಭ 20; ಶಾಖದ ತೆರಿಗೆ 45!

ಇನ್ನು ನಮ್ಮ ಸೀಮೆಯ ಬಿಸಿಲನ್ನು ನೆನೆಯಿರಿ. ಶಾಖವು ಹೊರಹೋಗುವ ಪ್ರಮಾಣವು ಪ್ರೊಸೆಸರಿಗೂ ಸುತ್ತಲ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಪ್ರೊಸೆಸರು 85 ಡಿಗ್ರಿಯನ್ನು ಮೀರಬಾರದೆಂದರೆ, 25 ಡಿಗ್ರಿಯ ಕೋಣೆಯಲ್ಲಿ ಅಂತರ 60. ಬಳ್ಳಾರಿಯ ಬೇಸಿಗೆಯ 40 ಡಿಗ್ರಿಯಲ್ಲಿ 45 ಮಾತ್ರ. ಹೊರದೂಡುವ ಸಾಮರ್ಥ್ಯದಲ್ಲಿ ಕಾಲುಭಾಗ ಕಡಮೆಯಾಯಿತು, ಹೊರದೂಡಬೇಕಾದ ಶಾಖವೋ ಅರ್ಧದಷ್ಟು ಏರಿತು. ತಂಪುಗೊಳಿಸುವ ಸಲಕರಣೆಯು ಸುಮಾರು ಇಮ್ಮಡಿ ಸಮರ್ಥವಾಗಿರಬೇಕು.

ಹೊಂದಾಣಿಕೆಯ ತೊಡಕು ಬೇರೆ. ಬಹುಪಾಲು ಜಿಯಾನ್‌ಗಳಲ್ಲಿ ಗಡಿಯಾರದ ಗುಣಕವನ್ನು ತಯಾರಕರೇ ಬಂಧಿಸಿರುತ್ತಾರೆ; 2019ರ ಡಬ್ಲ್ಯೂ-3175ಎಕ್ಸ್‌ನಂಥವು ಅಪವಾದ. 2015ರ ಜಿಯಾನ್ ಇ3-1200 ವಿ5 ಪ್ರೊಸೆಸರುಗಳು ಸಾಮಾನ್ಯ ಮದರ್‌ಬೋರ್ಡಿನ 1151 ಸಾಕೆಟ್ಟಿನಲ್ಲಿ ಸರಿಯಾಗಿ ಕೂಡುತ್ತಿದ್ದವು. ಆದರೆ ಅವಕ್ಕೆಂದೇ ರಚಿತವಾದ ಚಿಪ್‌ಸೆಟ್ ಇಲ್ಲದೆ ಕೆಲಸಮಾಡುತ್ತಿರಲಿಲ್ಲ. ಸರ್ವರಿನ ರಿಜಿಸ್ಟರ್ಡ್ ಡಿಡಿಆರ್4 ರ‍್ಯಾಮ್ ಕೂಡ ಮನೆಯ ಬೋರ್ಡಿನಲ್ಲಿ ಕೂಡುತ್ತದೆ, ಓಡುವುದಿಲ್ಲ. ಕೂಡುವುದು ಬೇರೆ, ಹೊಂದುವುದು ಬೇರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಯಂತ್ರವು ಕೆಟ್ಟುನಿಲ್ಲುವುದಲ್ಲ. ನಿಲ್ಲದೆ ತಪ್ಪು ಉತ್ತರ ಕೊಡುವುದು. ಮಿಡಿತಗಳ ನಡುವಣ ಅವಧಿಯು ಕಿರಿದಾದಾಗ ಸಂಕೇತವು ನೆಲೆಗೊಳ್ಳುವ ಮೊದಲೇ ಮುಂದಿನ ಮಿಡಿತ ಬಂದುಬಿಡಬಹುದು. ಸರ್ವರಿನ ಇಸಿಸಿ ರ‍್ಯಾಮ್ ಸ್ಮೃತಿಯಲ್ಲಿ ಕೆಟ್ಟ ಒಂದು ಬಿಟ್ಟನ್ನು ತಿದ್ದಬಲ್ಲುದು. ಪ್ರೊಸೆಸರೇ ತಪ್ಪಾಗಿ ಗುಣಿಸಿ ಕಳಿಸಿದ ಸಂಖ್ಯೆಯನ್ನು ಅದು ಸರಿಯೆಂದೇ ಕಾಪಾಡುತ್ತದೆ.

ವೇಗವನ್ನು ಪಡೆಯಲು ಬೇರೆ ಮಾರ್ಗವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅದು ಸಾಧಿತವಾದುದು ಒಂದೇ ಪ್ರೊಸೆಸರನ್ನು ಹೊಡೆದೋಡಿಸುವುದರಿಂದಲ್ಲ. ಅನೇಕ ಪ್ರೊಸೆಸರುಗಳಿಗೆ ಕೆಲಸವನ್ನು ಹಂಚುವುದರಿಂದ.

ಕುತೂಹಲಕ್ಕಾಗಿ ಸ್ವಂತ ಯಂತ್ರದಲ್ಲಿ ಎಚ್ಚರದಿಂದ ಪ್ರಯೋಗ ನಡೆಸುವುದನ್ನು ನಾವು ಹಳಿಯುವುದಿಲ್ಲ. ಅದರಿಂದ ಕಲಿಯುವುದು ಬಹಳವಿದೆ. ಆದರೆ ಇತರರು ನಂಬುವ ಲೆಕ್ಕಗಳನ್ನು ಮಾಡುವ ಯಂತ್ರಕ್ಕೆ ವೇಗಕ್ಕಿಂತ ಸತ್ಯವೇ ಹಿರಿದು. ಇದ್ದ ಹಣವನ್ನು ಹೊಂದುವ ಬೋರ್ಡು, ಸಾಕಷ್ಟು ರ‍್ಯಾಮ್, ಒಳ್ಳೆಯ ಫ್ಯಾನು ಇವುಗಳಿಗೆ ವಿನಿಯೋಗಿಸಿ, ಉಳಿದ ಉತ್ಸಾಹವನ್ನು ಪ್ರೋಗ್ರಾಮನ್ನು ತಿದ್ದುವುದಕ್ಕೆ ಮೀಸಲಿಡಬೇಕೆಂದು ಆ ವಿದ್ಯಾರ್ಥಿಗೆ ನಾವು ಹೇಳಿದೆವು. ವಾಚಕರಿಗೂ ಅದನ್ನೇ ಹೇಳುತ್ತೇವೆ.