ನಮ್ಮ ಹುಡುಗರ ಕೈಗೆ ಯಾವ ಚಿಪ್ಪು?

ದೇಶದಲ್ಲಿ ಈಗ ಎಲ್ಲಿ ನೋಡಿದರೂ ಚಿಪ್‌ನದೇ ಮಾತು. ದಿಲ್ಲಿಯವರು ಚಿಪ್ ಅನ್ನುತ್ತಾರೆ, ಬೆಂಗಳೂರಿನವರು ಚಿಪ್ ಅನ್ನುತ್ತಾರೆ, ಟಿ.ವಿ.ಯವರಂತೂ ಕೇಳಲೇಬೇಡಿ. ಬಳ್ಳಾರಿ ಜನಕ್ಕೆ ಚಿಪ್ಪು ಅಂದರೆ ತೆಂಗಿನ ಚಿಪ್ಪು. ಕೈಗೆ ಚಿಪ್ಪು ಕೊಟ್ಟರು ಅಂದರೆ ಏನರ್ಥ ಅನ್ನೋದೂ ನಮಗೆ ಚೆನ್ನಾಗಿ ಗೊತ್ತು. ಸಾವಿರಾರು ಕೋಟಿಯ ಈ ಸೆಮಿಕಂಡಕ್ಟರ್ ಕಾರಖಾನೆಗಳಲ್ಲಿ ಸಿರುಗುಪ್ಪದ, ಕುರುಗೋಡಿನ ಹುಡುಗರಿಗೆ ಸಿಗುವುದು ಯಾವ ಚಿಪ್ಪು ಎಂದು ಕೇಳುವ ಹೊತ್ತು ಬಂದಿದೆ.

ಚಿಪ್ ನಮಗೆ ದೂರದ ವಸ್ತುವೇನಲ್ಲ. ಗಲ್ಲಾ ಪೆಟ್ಟಿಗೆಯ ಪಕ್ಕ ಕೂತು ಹಣ ಬಂತೆಂದು ಕೂಗುವ ಡಬ್ಬಿಯಲ್ಲಿದೆ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿದೆ, ಕಂಡಕ್ಟರ್ ಕೈಯ ಟಿಕೆಟ್ ಮೆಷಿನ್ನಿನಲ್ಲಿದೆ. ಹಳೆಯ ರೇಡಿಯೋ ರಿಪೇರಿಯವರನ್ನು ಕೇಳಿದರೆ ಬೆಂಗಳೂರಿನ ಬಿ.ಇ.ಎಲ್. ತಯಾರಿಸುತ್ತಿದ್ದ ಬಿ.ಸಿ. 148 ಟ್ರಾನ್ಸಿಸ್ಟರ್ ಹೆಸರು ಇಂದಿಗೂ ಹೇಳುತ್ತಾರೆ. ಅದೂ ಸೆಮಿಕಂಡಕ್ಟರೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದ ಮೇಲೆ ಚಿಪ್‌ನ ವಿನ್ಯಾಸದಲ್ಲಿ ಆ ಊರನ್ನು ಮೀರಿಸುವ ಊರು ದೇಶದಲ್ಲಿ ಇನ್ನೊಂದಿಲ್ಲ.

ಆದರೆ ವಿನ್ಯಾಸ ಬೇರೆ, ತಯಾರಿಕೆ ಬೇರೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ತಯಾರಿಕೆಗೆಂದು 76,000 ಕೋಟಿ ರೂಪಾಯಿಯ ಯೋಜನೆ ಹಾಕಿತು. 2025ರ ಆಗಸ್ಟ್ ಹೊತ್ತಿಗೆ ಹತ್ತು ಯೋಜನೆಗಳಿಗೆ ಮಂಜೂರಾತಿ ಸಿಕ್ಕಿತ್ತು. ಬಂಡವಾಳ ಸುಮಾರು 1.60 ಲಕ್ಷ ಕೋಟಿ. ಗುಜರಾತಿನ ಧೊಲೇರಾದಲ್ಲಿ ಟಾಟಾದವರ 91,000 ಕೋಟಿಯದು, ಸಾಣಂದದಲ್ಲಿ ಅಮೆರಿಕದ ಮೈಕ್ರಾನ್ ಕಂಪನಿಯದು, ಅಸ್ಸಾಮಿನ ಜಾಗಿರೋಡ್‌ನಲ್ಲಿ ಮತ್ತೆ ಟಾಟಾದವರ 27,000 ಕೋಟಿಯದು. ಉತ್ತರ ಪ್ರದೇಶ, ಪಂಜಾಬ್, ಒಡಿಶಾಕ್ಕೂ ಪಾಲು ಹೋಯಿತು. ನಮ್ಮ ಗಡಿಗೆ ಅಂಟಿಕೊಂಡ ಆಂಧ್ರಕ್ಕೂ ಒಂದು ಸಿಕ್ಕಿತು. ಆ ಹತ್ತರಲ್ಲಿ ಕರ್ನಾಟಕಕ್ಕೆ ಎಷ್ಟು? ಸೊನ್ನೆ! ನಮ್ಮ ಮೈಸೂರಿನ ಕೇನ್ಸ್ ಕಂಪನಿ ಸಹ ತನ್ನ 3,300 ಕೋಟಿಯ ಚಿಪ್ ಕಾರಖಾನೆಯನ್ನು ಹೂಡಿದ್ದು ಸಾಣಂದದಲ್ಲಿ. ಮನೆಯ ಮಗಳು, ಬೇರೆ ಊರಿನ ಸೊಸೆ.

2025ರ ಅಕ್ಟೋಬರಿನಲ್ಲಿ ಸಚಿವ ಪ್ರಿಯಾಂಕ್ ಖರ್ಗೆಯವರು, ದಕ್ಷಿಣಕ್ಕೆ ಬರಬೇಕೆಂದಿದ್ದ ಕಂಪನಿಗಳನ್ನು ಗುಜರಾತಿಗೂ ಅಸ್ಸಾಮಿಗೂ ಯಾಕೆ ತಿರುಗಿಸಿದಿರಿ ಎಂದು ಕೇಂದ್ರವನ್ನು ಕೇಳಿದರು. ಅಸ್ಸಾಮಿನ ಮುಖ್ಯಮಂತ್ರಿಗಳು ಸಿಟ್ಟಾದರು, ಎರಡು ದಿನ ಪತ್ರಿಕೆಗಳಿಗೆ ಹಬ್ಬವಾಯಿತು. ಪ್ರಶ್ನೆ ನ್ಯಾಯವಾದದ್ದೇ, ಕೇಳಲಿ. ಆದರೆ ಈ ಜಗಳದಿಂದ ತೆಕ್ಕಲಕೋಟೆಯ ಒಬ್ಬ ಡಿಪ್ಲೊಮಾ ಹುಡುಗನಿಗೂ ನೌಕರಿಯ ಆರ್ಡರು ಬರುವುದಿಲ್ಲ.

ಹಾಗಾದರೆ ಬಳ್ಳಾರಿಗೇ ಒಂದು ಚಿಪ್ ಕಾರಖಾನೆ ಕೇಳೋಣವೇ? ಮುಂದಿನ ಚುನಾವಣೆಯಲ್ಲಿ ಯಾರಾದರೊಬ್ಬ ಪುಢಾರಿ ಈ ಭರವಸೆ ಕೊಟ್ಟರೂ ಕೊಟ್ಟಾನು. ನಂಬಬೇಡಿ. ಒಂದು ಕಣ ದೂಳು ಬಿದ್ದರೆ ಮಾಲು ಕೆಡುವ ಉದ್ಯೋಗ ಅದು. ನಮ್ಮಲ್ಲಿ ಬೆಳಿಗ್ಗೆ ಒಗೆದ ಪಂಚೆ ಸಂಜೆಗೆ ಕೆಂಪಾಗುತ್ತದೆ. ಅದಕ್ಕೆ ದಿನವೂ ಲಕ್ಷಾಂತರ ಲೀಟರ್ ನೀರು ಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಸಿರುಗುಪ್ಪದ ಭತ್ತದ ರೈತರ ಎದೆ ಹೇಗೆ ಬಡಿದುಕೊಂಡಿತೆಂದು ನೆನಪಿದೆಯಲ್ಲ? ಇನ್ನು ಭೂಮಿಯ ಮಾತು. 2010ರ ಹೂಡಿಕೆದಾರರ ಸಮಾವೇಶದಲ್ಲಿ ಆರ್ಸೆಲರ್ ಮಿತ್ತಲ್ ಕಂಪನಿ ಬಳ್ಳಾರಿಗೆ 30,000 ಕೋಟಿಯ ಉಕ್ಕಿನ ಕಾರಖಾನೆ ತರುತ್ತೇನೆಂದಿತು. ಕುಡಿತಿನಿ ಸುತ್ತಿನ ರೈತರ ಭೂಮಿ ಹೋಯಿತು, ಕಾರಖಾನೆ ಬರಲಿಲ್ಲ. 2022ರ ಡಿಸೆಂಬರಿನಿಂದ ಆ ರೈತರು ಧರಣಿಗೆ ಕೂತರು. ಎಕರೆ ಕೊಟ್ಟು ಕಾಯುವ ಆಟ ನಮಗೆ ಸಾಕಾಗಿದೆ.

ಕಾರಖಾನೆ ಬರದಿದ್ದರೂ ನೌಕರಿ ಸಿಗಲು ಸಾಧ್ಯ. ಅದಕ್ಕೆ ಈ ಉದ್ಯೋಗದ ಒಳಗೆ ಏನು ನಡೆಯುತ್ತದೆಂದು ತಿಳಿದಿರಬೇಕು. ಚಿಪ್ ಕಾರಖಾನೆ ಅಂದಕೂಡಲೇ ಎಲ್ಲರಿಗೂ ಕಾಣುವುದು ಕನ್ನಡಕ ಹಾಕಿದ ದೊಡ್ಡ ಇಂಜಿನಿಯರು. ಆ ನೌಕರಿ ಬೆಂಗಳೂರಿನ ವಿನ್ಯಾಸದ ಆಫೀಸಿನಲ್ಲಿದೆ, ಅದಕ್ಕೆ ಬಿ.ಇ. ಮೇಲೆ ಎಂ.ಟೆಕ್. ಕೇಳುವುದೂ ಉಂಟು. ತಯಾರಿಕೆಯ ಜಾಗದಲ್ಲಿ ಬೇಕಾಗುವವರು ಬೇರೆ. ಯಂತ್ರ ನಿಂತರೆ ಸರಿಪಡಿಸುವವರು, ನಿರ್ವಾತ ಪಂಪು ನೋಡಿಕೊಳ್ಳುವವರು, ಗ್ಯಾಸ್ ಪೈಪು ಜೋಡಿಸುವವರು, ಎ.ಸಿ. ಮತ್ತು ಗಾಳಿ ಶೋಧಿಸುವ ವ್ಯವಸ್ಥೆ ಕಾಯುವವರು, ಸೂಕ್ಷ್ಮದರ್ಶಕದಡಿ ಕೂದಲಿಗಿಂತ ತೆಳುವಾದ ತಂತಿಯ ಬೆಸುಗೆ ಪರೀಕ್ಷಿಸುವವರು. ಸಾಣಂದ, ಜಾಗಿರೋಡ್‌ಗಳಲ್ಲಿ ಬರುತ್ತಿರುವುದು ಚಿಪ್ ಅನ್ನು ಕೂಡಿಸಿ ಪರೀಕ್ಷಿಸುವ ಕಾರಖಾನೆಗಳಾದ್ದರಿಂದ ಇಂಥ ಕೈಗಳೇ ಅಲ್ಲಿ ಹೆಚ್ಚು ಬೇಕು. ಮೈಕ್ರಾನ್ ಒಂದೇ 5,000 ನೇರ ನೌಕರಿಯ ಮಾತಾಡಿದೆ.

ಈಗ ತೋರಣಗಲ್ಲಿನತ್ತ ನೋಡಿ. ಉಕ್ಕಿನ ಕಾರಖಾನೆಗೆ ಗಾಳಿಯಿಂದ ಆಮ್ಲಜನಕ, ಸಾರಜನಕ, ಆರ್ಗಾನ್ ಬೇರ್ಪಡಿಸುವ ಘಟಕಗಳು ಬೇಕೇ ಬೇಕು. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಆಸ್ಪತ್ರೆಗಳಿಗೆ ಆಕ್ಸಿಜನ್ ಟ್ಯಾಂಕರು ಹೊರಟಿದ್ದು ಅಲ್ಲಿಂದಲೇ. ಚಿಪ್ ಕಾರಖಾನೆಯ ಉಸಿರೂ ಅದೇ ಸಾರಜನಕ, ಅದೇ ಆರ್ಗಾನ್. ಶುದ್ಧತೆ ಹೆಚ್ಚು ಬೇಕು, ಅಷ್ಟೇ. ಕುಡಿತಿನಿ ಥರ್ಮಲ್ ಪವರ್ ಹೌಸಿನಲ್ಲಿ ಬಾಯ್ಲರಿಗೆ ಹಾಕುವ ನೀರಿನ ಲವಣವನ್ನೆಲ್ಲ ತೆಗೆಯುತ್ತಾರೆ. ಚಿಪ್ ತೊಳೆಯುವುದು ಅದಕ್ಕಿಂತ ಎರಡು ಪಟ್ಟಿ ಮೇಲಿನ ನೀರಿನಲ್ಲಿ. ಅಂದರೆ ನಮ್ಮ ಜಿಲ್ಲೆಯ ಫಿಟ್ಟರು, ಎಲೆಕ್ಟ್ರಿಷಿಯನ್ನು, ಎ.ಸಿ. ಮೆಕ್ಯಾನಿಕ್ಕು ಈ ವಿದ್ಯೆಗೆ ಪರಕೀಯರಲ್ಲ. ಅರ್ಧ ದಾರಿ ಆಗಲೇ ನಡೆದಿದ್ದಾರೆ. ಉಳಿದರ್ಧ ಹೇಳಿಕೊಡೋರು ಯಾರು?

2023ರಲ್ಲಿ ತಾಂತ್ರಿಕ ಶಿಕ್ಷಣ ಪರಿಷತ್ತು ಚಿಪ್ ತಯಾರಿಕೆಗೆಂದೇ ಮೂರು ವರ್ಷದ ಡಿಪ್ಲೊಮಾದ ಪಠ್ಯ ಸಿದ್ಧಮಾಡಿ ಹೊರಗಿಟ್ಟಿದೆ. ಎಸ್.ಎಸ್.ಎಲ್.ಸಿ. ಆದವರು ಸೇರುವ ಓದು ಅದು. ಅದನ್ನು ಬಳ್ಳಾರಿಯ ಸರ್ಕಾರಿ ಪಾಲಿಟೆಕ್ನಿಕ್ಕಿಗೆ ತರಬೇಕು, ಜೊತೆಗೆ ದೂಳಿಲ್ಲದ ಒಂದು ಸಣ್ಣ ತರಬೇತಿ ಕೋಣೆ ಕಟ್ಟಬೇಕು. ದುಡ್ಡೆಲ್ಲಿ ಅಂತೀರಾ? ದುಡ್ಡಿಲ್ಲ ಎಂದು ಹೇಳುವ ಹಕ್ಕು ಈ ರಾಜ್ಯದಲ್ಲಿ ಯಾವ ಜಿಲ್ಲೆಗಿದ್ದರೂ ಬಳ್ಳಾರಿಗಿಲ್ಲ. 2015ರ ಕಾಯ್ದೆಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದಿರು ಹೊರಟ ಪ್ರತಿ ಲಾರಿಯ ಲೆಕ್ಕದಲ್ಲೂ ಅದಕ್ಕೆ ಪಾಲು ಬೀಳುತ್ತದೆ. ಆ ನಿಧಿಯ ಆದ್ಯತೆಯ ಪಟ್ಟಿಯಲ್ಲಿ ಕೌಶಲ ತರಬೇತಿ ಸ್ಪಷ್ಟವಾಗಿ ಬರೆದಿದೆ. ರಸ್ತೆಗೆ, ಕಟ್ಟಡಕ್ಕೆ, ಬಣ್ಣಕ್ಕೆ ಹಣ ಹರಿಯುವಾಗ ಈ ಸಾಲು ಮಾತ್ರ ಯಾಕೋ ಸಾಹೇಬರ ಕಣ್ಣಿಗೆ ಬೀಳುವುದಿಲ್ಲ! ಖನಿಜ ನಿಧಿ ಗಣಿಬಾಧಿತ ಊರುಗಳಿಗೆ ಮೊದಲು ಎಂಬುದು ನಿಯಮ, ಅದು ಸರಿಯಾದದ್ದೇ. ಸಂಡೂರಿನ ಮಕ್ಕಳಿಗೆ ಆ ಹಣದಲ್ಲಿ ಸೀಟು ಕೊಡಿ. ಸಿರುಗುಪ್ಪ, ಕುರುಗೋಡಿನ ಮಕ್ಕಳ ಸೀಟಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆಯಲ್ಲ? ವರ್ಷಕ್ಕೆ 5,000 ಕೋಟಿ ಎಂದು ಬಜೆಟ್ಟಿನಲ್ಲಿ ಓದಿದ್ದನ್ನು ನಾವೂ ಕೇಳಿದ್ದೇವೆ.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ದೇವನಹಳ್ಳಿಯ ಫಾಕ್ಸ್‌ಕಾನ್ ಮೊಬೈಲ್ ಕಾರಖಾನೆಯಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಚಿಪ್ ಕೂಡಿಸುವ ಕೆಲಸದಲ್ಲೂ ಲೋಕದ ಎಲ್ಲ ಕಡೆ ಇದೇ ರೂಢಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸು ನಮ್ಮ ಹುಡುಗಿಯರಿಗೆ ಪುಕ್ಕಟೆ. ಕುರುಗೋಡಿನಿಂದ ಬಳ್ಳಾರಿಗೆ ದಿನವೂ ಓದಲು ಬಂದು ಹೋಗುವುದಕ್ಕೆ ಈಗ ಚಾರ್ಜಿನ ಚಿಂತೆ ಇಲ್ಲ. ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟಿನ ನಗ ಒಂದಕ್ಕೆ ಇಷ್ಟು ಎಂದು ಹೊಲಿಗೆ ಹಾಕಿ ಕಣ್ಣು ಸೋಲಿಸಿಕೊಂಡ ತಾಯಂದಿರು, ಮಗಳಾದರೂ ತಿಂಗಳ ಸಂಬಳ, ಪಿ.ಎಫ್. ಕಾಣಲಿ ಎಂದು ಆಸೆಪಟ್ಟರೆ ತಪ್ಪೇನು?

ಸಂಬಳದ ಜೊತೆ ಕಷ್ಟವೂ ಇದೆ, ಅದನ್ನೂ ತಿಳಿದೇ ಹೋಗಬೇಕು. ರಾತ್ರಿ ಪಾಳಿ, ಮೈತುಂಬ ಮುಚ್ಚುವ ಉಡುಪು, ಗಂಟೆಗಟ್ಟಲೆ ನಿಲ್ಲುವುದು, ಊರು ದೂರ. ತಯಾರಿಕೆಯಲ್ಲಿ ಬಳಸುವ ರಾಸಾಯನಿಕಗಳು ಸಾಮಾನ್ಯದವಲ್ಲ. ಕೊರಿಯಾದ ಸ್ಯಾಮ್ಸಂಗ್ ಚಿಪ್ ಘಟಕಗಳಲ್ಲಿ ದುಡಿದು ರಕ್ತದ ಕ್ಯಾನ್ಸರಿಗೆ ಬಿದ್ದ ಹುಡುಗಿಯರ ಮನೆಯವರು ಹತ್ತು ವರ್ಷಕ್ಕೂ ಮೇಲೆ ಹೋರಾಡಿದ ನಂತರವೇ, 2018ರಲ್ಲಿ ಕಂಪನಿ ಕ್ಷಮೆ ಕೇಳಿ ಪರಿಹಾರಕ್ಕೆ ಒಪ್ಪಿತು. ಆದ್ದರಿಂದ ಯಂತ್ರ ಕಲಿಸುವ ಮೇಷ್ಟ್ರು ಕಾರ್ಮಿಕ ಕಾಯ್ದೆಯನ್ನೂ ಕಲಿಸಲಿ.

ಇನ್ನೊಂದು ಎಚ್ಚರಿಕೆ, ಪೋಷಕರಿಗೆ. ಹೊಸ ಉದ್ಯೋಗ ಬಂದಾಗಲೆಲ್ಲ ಹೊಸ ಬೋರ್ಡು ಬೀಳುತ್ತದೆ. ಕಂಪ್ಯೂಟರ್ ಕೋರ್ಸಿನ ಕಾಲದಲ್ಲಿ ಬಳ್ಳಾರಿ ಅದನ್ನು ಕಂಡಿದೆ. ನಾಳೆ ಯಾರಾದರೂ ಮೂರು ತಿಂಗಳಲ್ಲಿ ಚಿಪ್ ಕೋರ್ಸು, ನೌಕರಿ ಗ್ಯಾರಂಟಿ ಎಂದು ಅರ್ಧ ಲಕ್ಷ ಕೇಳಿದರೆ ಎರಡೇ ಮಾತು ಕೇಳಿ: ಸರ್ಟಿಫಿಕೇಟಿಗೆ ಸರ್ಕಾರದ ಮಾನ್ಯತೆ ಇದೆಯೇ? ಹೋದ ವರ್ಷ ಕಲಿತವರು ಯಾವ ಕಾರಖಾನೆಯಲ್ಲಿದ್ದಾರೆ, ಫೋನಿನಲ್ಲಿ ಮಾತಾಡಿಸ್ತೀರಾ? ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಹಾಗೆಯೇ 371(ಜೆ) ಇದೆಯಲ್ಲ ಎಂದು ಸುಮ್ಮನೆ ಕೂರಬೇಡಿ. ಆ ಮೀಸಲಾತಿ ರಾಜ್ಯ ಸರ್ಕಾರದ ನೌಕರಿಗೆ, ಕಾಲೇಜು ಸೀಟಿಗೆ. ಸಾಣಂದದ ಗೇಟಿನಲ್ಲಿ ಅದು ನಡೆಯದು.

ಡಿಪ್ಲೊಮಾ ದಾಖಲಾತಿ ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶದ ಬೆನ್ನಿಗೇ ಶುರುವಾಗುತ್ತದೆ. ಹೊಸ ಕೋರ್ಸಿಗೆ ಅನುಮತಿ ಬೇಕೆಂದರೆ ಅರ್ಜಿ ಅದಕ್ಕೆ ಎಷ್ಟೋ ತಿಂಗಳು ಮೊದಲೇ ಹೋಗಬೇಕು. ಜಿಲ್ಲಾಧಿಕಾರಿಗಳು ಖನಿಜ ನಿಧಿಯ ಮುಂದಿನ ಸಭೆಗೆ ಈ ವಿಷಯವನ್ನು ಇಡುತ್ತಾರೆಯೇ? ಸಿರುಗುಪ್ಪ, ಕುರುಗೋಡು ಭಾಗದ ಶಾಸಕರು ಮಂಡಳಿಗೆ ಒಂದು ಪತ್ರವನ್ನಾದರೂ ಬರೆದಿದ್ದಾರೆಯೇ? ಬರೆದಿದ್ದರೆ ಪ್ರತಿ ಕಳುಹಿಸಲಿ, ಈ ಅಂಕಣದಲ್ಲೇ ಅಚ್ಚು ಹಾಕುತ್ತೇವೆ.