ಮಾರುಕಟ್ಟೆಗೆ ಕಂಪ್ಯೂಟರ್ ಬಂತು, ಸಾಲ ಹಾಗೆಯೇ ಉಳಿಯಿತು



ಕಂಪ್ಯೂಟರ್ ಬಂದರೆ ಸಾಕು, ರೈತನಿಗೆ ನ್ಯಾಯವಾದ ಬೆಲೆ ತಾನಾಗಿಯೇ ಸಿಗುತ್ತದೆ ಎಂಬ ಮಾತನ್ನು ನಮ್ಮ ಸಭೆಗಳಲ್ಲಿಯೂ ಕೇಳುತ್ತೇವೆ. ನಮ್ಮ ರಾಜ್ಯದ ಎಪಿಎಂಸಿಗಳ ಅನುಭವ ನೋಡಿದರೆ ಈ ಮಾತು ಅರ್ಧ ಮಾತ್ರ ನಿಜ.

ಕರ್ನಾಟಕವು 2014ರಲ್ಲಿಯೇ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರದ ಇ-ನಾಮ್ ಬಂದದ್ದು 2016ರ ಏಪ್ರಿಲ್ 14ರಂದು. ಹಿಂದೆ ಖರೀದಿದಾರರು ರಾಶಿಯ ಮುಂದೆ ನಿಂತು ಸವಾಲು ಕೂಗುವಾಗ, ಒಬ್ಬರ ಮುಖ ಒಬ್ಬರು ನೋಡಿ ದರ ನಿಲ್ಲಿಸುವುದು ಸುಲಭವಿತ್ತು. ಇ-ಟೆಂಡರಿನಲ್ಲಿ ಪ್ರತಿ ರಾಶಿಗೂ ಲಾಟ್ ಸಂಖ್ಯೆ ಇರುತ್ತದೆ. ಒಬ್ಬನು ಹಾಕಿದ ದರ ಸಮಯ ಮುಗಿಯುವವರೆಗೆ ಇನ್ನೊಬ್ಬನಿಗೆ ತಿಳಿಯುವುದಿಲ್ಲ. ದರ ಒಪ್ಪಿಗೆಯಾಗದಿದ್ದರೆ ಮಾರುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಸರ್ಕಾರಿ ಕಾಮಗಾರಿಗಳಲ್ಲಿ ಟೆಂಡರ್ ಪೆಟ್ಟಿಗೆ ಹೋಗಿ ಇ-ಟೆಂಡರ್ ಬಂದುದನ್ನು ಸೇವೆಯಲ್ಲಿದ್ದಾಗ ಕಂಡವನು ನಾನು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಮಾರುವುದಿಲ್ಲ ಎನ್ನಲು ಯಾರಿಗೆ ಸಾಧ್ಯ? ಬಿತ್ತನೆಗೆ, ಮಗಳ ಮದುವೆಗೆ, ಆಸ್ಪತ್ರೆಗೆ ದಲಾಲಿ ಅಂಗಡಿಯಿಂದ ಮುಂಗಡ ತಂದವನು ಮಾಲನ್ನು ಅದೇ ಅಂಗಡಿಯಲ್ಲಿಯೇ ಇಳಿಸಬೇಕು. ಬಂದ ದರಕ್ಕೆ ಅಂದೇ ಕೊಡಬೇಕು. ಕಂಪ್ಯೂಟರ್ ದರವನ್ನು ತೋರಿಸುತ್ತದೆ, ಋಣವನ್ನು ತೀರಿಸುವುದಿಲ್ಲ.

ಇದಕ್ಕಾಗಿ ದಲಾಲರನ್ನು ಬೈದು ಫಲವಿಲ್ಲ. ಅವರಲ್ಲಿ ನಮ್ಮ ಸಮಾಜದವರೂ ಅನೇಕರಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಹೋದರೂ ಕಾಗದಪತ್ರ ಕೇಳದೆ ಹಣ ಕೊಡುವವರು ಅವರೇ. ಆ ಕೆಲಸವನ್ನು ಕಡಿಮೆ ಬಡ್ಡಿಗೆ ಮಾಡುವ ಸಂಸ್ಥೆ ಇಲ್ಲದಿರುವುದೇ ನಿಜವಾದ ಕೊರತೆ.

ಇದಕ್ಕೆ ಸಾಧನವೂ ಈಗ ಇದೆ. 2017ರಿಂದ ನೋಂದಾಯಿತ ಗೋದಾಮಿನಲ್ಲಿಟ್ಟ ಫಸಲಿಗೆ ಇಲೆಕ್ಟ್ರಾನಿಕ್ ರಸೀದಿ ದೊರೆಯುತ್ತದೆ. ಅದರ ಮೇಲೆ ಬ್ಯಾಂಕಿನಿಂದ ಸಾಲ ಪಡೆದು, ಸುಗ್ಗಿಯಲ್ಲಿ ದರ ಬಿದ್ದಾಗ ಮಾರದೆ ಕಾಯಬಹುದು. ಒಂದೇ ಮಾಲಿನ ಮೇಲೆ ಎರಡು ಕಡೆ ಸಾಲ ಎತ್ತದಂತೆ ದಾಖಲೆ ತಡೆಯುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಈ ರಸೀದಿಯ ಹೆಸರು ಕೇಳಿದವರೇ ಕಡಿಮೆ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಕಂಪ್ಯೂಟರ್ ಇರಲಿಲ್ಲ. ನೆರೆಯವನನ್ನು ಬಡ್ಡಿಯಿಂದ ಬಿಡಿಸಬೇಕೆಂಬ ಸಂಕಲ್ಪವಿತ್ತು. ಇಂದು ನಮ್ಮವರು ನಡೆಸುವ ಸಹಕಾರ ಬ್ಯಾಂಕುಗಳು ಊರೂರಿನಲ್ಲಿವೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರು ಒಂದೇ ಪ್ರಶ್ನೆ ಕೇಳಲಿ: ಗೋದಾಮು ರಸೀದಿಯ ಮೇಲೆ ಈ ವರ್ಷ ಎಷ್ಟು ರೈತರಿಗೆ ಸಾಲ ಕೊಟ್ಟಿದ್ದೀರಿ? ಶ್ರಾವಣದ ಪ್ರವಚನಕ್ಕೆ ಸೇರುವ ರೈತರಿಗೆ ಈ ವ್ಯವಸ್ಥೆಯನ್ನು ತಿಳಿಸಲು ಮಠಗಳು ಅರ್ಧ ಗಂಟೆ ಮೀಸಲಿಡಲಿ.

ಕಾಯಕ ಮಾಡಿದವನಿಗೆ ಅದರ ಫಲ ಮುಟ್ಟಬೇಕು. ಅವನ ಕೈಯಲ್ಲಿ ಏನೂ ಉಳಿಯದಿದ್ದರೆ ಅವನು ದಾಸೋಹಕ್ಕೆ ತರುವುದಾದರೂ ಏನನ್ನು?