‘ಯಾವ್ದೋ ರೋಗ ಬಂತು’ ಅನ್ನೋರಿಗೆ

1/4
ಫೋಟೋದಲ್ಲಿರೋದು ನಮ್ಮ ಹಿತ್ತಲಿನ ಗೂಡು. ಪಿತೃಪಕ್ಷಕ್ಕೆ ಬಾಡೂಟ ಆಗ್ಲಿ ಅಂತ ಆಗಸ್ಟಲ್ಲಿ 30 ಬ್ರಾಯ್ಲರ್ ಮರಿ ತಂದಿದ್ವಿ. 24ನೇ ದಿನ ಮೂರು ಮರಿ ರೆಕ್ಕೆ ಇಳಿಬಿಟ್ಟು ಮೂಲೇಲಿ ತೂಕಡಿಸ್ತಾ ಕೂತವು. ನಾಲ್ಕು ದಿನದಲ್ಲಿ 11 ಹೋದವು. ಅಜ್ಜಿ ‘ದೃಷ್ಟಿ’ ಅಂದ್ರು. ಪಕ್ಕದ ಮನೆಯವರು ‘ಕೊಕ್ಕರೆ ರೋಗ ಕಣಪ್ಪ’ ಅಂದ್ರು. ಮಾವ ‘ಫಾರಂ ಮರಿಗೆ ಶಕ್ತಿ ಎಲ್ಲಿರುತ್ತೆ’ ಅಂದ್ರು. ಸತ್ತ ಕೋಳೀನ ತಿರುಗಿಸಿ ನೋಡಿದವರು ಒಬ್ಬರೂ ಇಲ್ಲ. ಬಿಎಸ್ಸಿ ಓದೋ ನಾನೂ ನೋಡ್ಲಿಲ್ಲ. ನಾನು ಮಾಡಿದ್ದು ಇನ್ನೂ ಘನಂದಾರಿ ಕೆಲಸ: ಅಪ್ಪನ ಹಲ್ಲುನೋವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿದೆ.

2/4
12ನೇದು ಸತ್ತ ತಕ್ಷಣ ಕವರಿಗೆ ಹಾಕಿ, ಐಸ್ ಇಟ್ಟು, ತಾಲೂಕು ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟ್ರು ಕೊಯ್ದು ತೋರಿಸಿದ್ರು. ಕರುಳಿನ ಕೊನೇಲಿರೋ ಎರಡು ಚೀಲದಂಥ ಭಾಗದ ತುಂಬ ರಕ್ತ. ರಕ್ತಭೇದಿ, ಅಂದ್ರೆ ಕಾಕ್ಸಿಡಿಯೋಸಿಸ್. ಅದು ಬ್ಯಾಕ್ಟೀರಿಯಾ ಅಲ್ಲ, ಪರಾವಲಂಬಿ ಏಕಕೋಶ ಜೀವಿ. ನನ್ನ ಕ್ಯಾಪ್ಸೂಲ್ ಅದರ ಕೂದಲೂ ಕೊಂಕಿಸಲ್ಲ.

‘ಹೊಟ್ಟು ಯಾವಾಗ ಬದಲಾಯಿಸಿದ್ರಿ?’ ಅಂತ ಕೇಳಿದ್ರು. ಮಳೆ ನೀರು, ಚೆಲ್ಲಿದ ನೀರು ಸೇರಿ ಭತ್ತದ ಹೊಟ್ಟು ಗಟ್ಟಿ ಹೆಪ್ಪಾಗಿತ್ತು. ಹಿಕ್ಕೆ ಜೊತೆ ಬೀಳೋ ಅದರ ಮೊಟ್ಟೆಯಂಥ ಕಣಗಳು ಬೆಚ್ಚಗಿನ ತೇವದಲ್ಲಿ ಒಂದೆರಡು ದಿನದಲ್ಲೇ ಹಣ್ಣಾಗ್ತವೆ. ಮರಿ ಕೆದಕುತ್ತೆ, ನುಂಗುತ್ತೆ. ಕೆಂಪು ಹಿಕ್ಕೆ ನಾವು ನೋಡಿದ್ವಿ! ಏನೋ ತಿಂದಿರ್ಬೇಕು ಅಂದ್ಕೊಂಡ್ವಿ. ಆಂಪ್ರೋಲಿಯಂ ಕೊಟ್ರು, ಹೊಟ್ಟು ಪೂರ್ತಿ ತೆಗೆಸಿದ್ರು. ಇನ್ನೊಂದು ಸತ್ತಿತು, ಆಮೇಲೆ ನಿಂತಿತು.

3/4
ಅದಕ್ಕೇ ಹೇಳ್ತಿರೋದು: ‘ಗೊತ್ತಾಗದ ರೋಗ’ ಅನ್ನೋದರಲ್ಲಿ ಅರ್ಧಕ್ಕರ್ಧ ನಾವು ನೋಡದೇ ಬಿಟ್ಟ ರೋಗ. ಕತ್ತು ತಿರುಚಿ, ಹಸಿರು ಭೇದಿ ಆಗಿ, ಬಾಯಿ ತೆರೆದು ಉಸಿರಾಡಿದ್ರೆ ಕೊಕ್ಕರೆ ರೋಗದ ಅನುಮಾನ ಬರ್ಬೇಕು. ಹೊಟ್ಟೆ ನೀರು ತುಂಬಿ ಊದಿದ್ರೆ ಸೋಂಕೇ ಇರ್ಬೇಕಂತಿಲ್ಲ. ಬೇಗ ಬೆಳೆಯೋ ಬ್ರಾಯ್ಲರ್ ಮೈಗೆ ಅದರ ಹೃದಯ, ಶ್ವಾಸಕೋಶ ಸಾಲಲ್ಲ, ಚಳಿ ಮತ್ತು ಗಾಳಿಯಾಡದ ಗೂಡು ಅದನ್ನ ಹೆಚ್ಚಿಸ್ತವೆ. ಲಕ್ಷಣಗಳು ಒಂದರ ಹಾಗೆ ಇನ್ನೊಂದು ಕಾಣ್ತವೆ, ಅದಕ್ಕೇ ಕೊಯ್ದು ನೋಡ್ಬೇಕು. ಮನೇಲಿ ನೀವೇ ಅಲ್ಲ, ಡಾಕ್ಟ್ರು. ಒಂದೇ ಸಲ ರಾಶಿ ರಾಶಿ ಸತ್ರೆ ಮುಟ್ಟಬೇಡಿ, ಹಕ್ಕಿಜ್ವರನೂ ಆಗಿರ್ಬಹುದು, ಪಶು ಇಲಾಖೆಗೆ ತಿಳಿಸಿ.

‘ಲಸಿಕೆ ಹಾಕಿದ್ವಲ್ಲ’ ಅನ್ನೋರಿಗೆ ಒಂದು ಪ್ರಶ್ನೆ: ಕ್ಲೋರಿನ್ ಇರೋ ನಲ್ಲಿ ನೀರಲ್ಲಿ ಕಲಸಿದ್ರಾ? ಐಸ್ ಇಲ್ಲದೆ ಬಸ್ಸಲ್ಲಿ ತಂದ್ರಾ? ಹಾಗಿದ್ರೆ ನೀವು ಕುಡಿಸಿದ್ದು ಸತ್ತ ಲಸಿಕೆ.

4/4
ಈಗ ಸಿಟ್ಟು ಬರೋ ವಿಷ್ಯ. ಕಾಯಿಲೆ ಬಿದ್ದಿದ್ದನ್ನ ಸಾಯೋ ಮುಂಚೆ ಕೊಯ್ದು ಅರ್ಧ ಬೆಲೆಗೆ ಕೊಡೋದು. ನಮ್ಮ ಬೀದೀಲಿ ಇದು ತಪ್ಪೇ ಅಲ್ಲ. ನಮ್ಮನೇಲೂ ಎರಡು ಹಾಗೇ ಹೋದವು, ನನ್ನ ಕ್ಯಾಪ್ಸೂಲ್ ನೀರು ಕುಡಿದ ಎರಡು. ಕೊಂಡವರಿಗೆ ನಾವು ಹೇಳಿದ್ದು ‘ಮನೇಲಿ ಸಾಕಿದ್ದು, ಔಷಧಿ ಗಿವುಷಧಿ ಏನಿಲ್ಲ’. ಮಾಂಸಕ್ಕೆ ಸಾಕೋ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡಬಾರ್ದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧ ಹಾಕಿದ್ದು, ಮನುಷ್ಯರಿಗೆ ಕೊನೇ ಅಸ್ತ್ರವಾಗಿ ಉಳಿದಿರೋ ಔಷಧಿ ಕೆಲಸ ಮಾಡದ ಹಾಗೆ ಆಗ್ಬಾರ್ದು ಅಂತ. ದೊಡ್ಡ ಫಾರಂನವರನ್ನ ಬೈಯೋ ರೀಲ್ಸ್ ನಾನೂ ಶೇರ್ ಮಾಡಿದ್ದೆ. ಹಿತ್ತಲಲ್ಲಿ ನಾನು ಮಾಡಿದ್ದೇನು?

ಸತ್ತ ಮೊದಲ ಐದನ್ನ ಹಳ್ಳಕ್ಕೆ ಎಸೆದಿದ್ದೂ ನಾವೇ. ಉಳಿದವಕ್ಕೆ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದ್ವಿ.

ಈ ಸಲ 20 ಮರಿ. ಹೊಟ್ಟು ದಿನಾ ಕೈಯಾಡಿಸ್ತೀನಿ, ಒದ್ದೆಯಾದ ಜಾಗ ಅವತ್ತೇ ತೆಗೀತೀನಿ. ನಾಳೆಯಿಂದ ಸ್ಟೋರೀಲಿ ದಿನಾ ಬೆಳಿಗ್ಗೆ ಹಿಕ್ಕೆ ಫೋಟೋ ಬರುತ್ತೆ. ತಿಂಡಿ ತಿನ್ನುವಾಗ ತೆರೀಬೇಡಿ.